ಕಾಳಿನ ಲೆಕ್ಕ, ಕಣಿಕೆಯ ಲೆಕ್ಕ

ಜೋಳದ ಇಳುವರಿ ಎಂದರೆ ಸರ್ಕಾರಿ ದಾಖಲೆಯಲ್ಲಿ ಕಾಳಿನ ತೂಕ. ಹೆಕ್ಟೇರಿಗೆ ಇಷ್ಟು ಕ್ವಿಂಟಲ್ ಎಂದು ಬರೆದರೆ ಲೆಕ್ಕ ಮುಗಿಯಿತು. ಆದರೆ ವಿಜಯಪುರ, ಕಲಬುರಗಿ ಸೀಮೆಯ ಎರೆಭೂಮಿಯ ರೈತ ಸುಗ್ಗಿಯಲ್ಲಿ ಎರಡು ರಾಶಿಗಳನ್ನು ನೋಡುತ್ತಾನೆ. ಒಂದು ಕಣದಲ್ಲಿನ ಕಾಳಿನ ರಾಶಿ, ಇನ್ನೊಂದು ಕಣಿಕೆಯ ಬಣವೆ. ಮೊದಲನೆಯದು ಮನೆ ಮಂದಿಗೆ, ಎರಡನೆಯದು ಕೊಟ್ಟಿಗೆಯ ಎತ್ತು ಎಮ್ಮೆಗಳಿಗೆ. ಈ ಎರಡನೆಯ ಲೆಕ್ಕವನ್ನು ಕೃಷಿ ವಿಜ್ಞಾನ ಗಂಭೀರವಾಗಿ ತೆಗೆದುಕೊಳ್ಳಲು ದಶಕಗಳೇ ಬೇಕಾದವು.

ಒಣಗಿದ ಜೋಳದ ದಂಟು ಮನುಷ್ಯನ ಹೊಟ್ಟೆಗೆ ನಿರುಪಯುಕ್ತ. ಅದರಲ್ಲಿರುವ ಸೆಲ್ಯುಲೋಸ್ ಎಂಬ ನಾರನ್ನು ಕರಗಿಸುವ ಶಕ್ತಿ ನಮಗಿಲ್ಲ. ಮೆಲುಕು ಹಾಕುವ ದನ, ಎಮ್ಮೆ, ಕುರಿ, ಆಡುಗಳಿಗೂ ಸ್ವಂತಕ್ಕೆ ಆ ಶಕ್ತಿಯಿಲ್ಲ. ಆದರೆ ಅವುಗಳ ಹೊಟ್ಟೆಯ ಮೊದಲ ಕೋಣೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಬೀಡುಬಿಟ್ಟಿವೆ. ನಾರನ್ನು ಒಡೆದು ಆಹಾರವಾಗಿಸುವ ಕೆಲಸ ಅವುಗಳದು. ಈ ಜೀವಿಗಳಿಗೂ ಸಾರಜನಕ ಬೇಕು. ಬರಿಯ ಕಣಿಕೆಯಲ್ಲಿ ಅದು ತೀರ ಕಡಿಮೆ. ಮೇವಿನ ಜೊತೆಗೆ ಹಿಂಡಿ, ಹೊಟ್ಟು, ತೌಡು ಇಡುವ ಹಳೆಯ ರೂಢಿಯ ಹಿಂದಿನ ಗುಟ್ಟು ಇದೇ.

ಬಣವೆಗೆ ಇಷ್ಟೊಂದು ಬೆಲೆ ಬಂದದ್ದು ಬರಗಾಲದಿಂದ. 1876-78ರ ಧಾತು ಈಶ್ವರ ಬರದಲ್ಲಿ ಜನರಷ್ಟೇ ಅಲ್ಲ, ದನಗಳೂ ಭಾರಿ ಸಂಖ್ಯೆಯಲ್ಲಿ ಸತ್ತವು. ಎತ್ತು ಸತ್ತರೆ ಮುಂದಿನ ವರ್ಷ ಮಳೆ ಬಂದರೂ ನೇಗಿಲು ಹೂಡುವವರಿಲ್ಲ. ಹೀಗೆ ಒಂದು ವರ್ಷದ ಬರ ಎರಡು ವರ್ಷದ ಬರವಾಗುತ್ತಿತ್ತು. ಬಣವೆ ಉಳಿದ ಮನೆಯಲ್ಲಿ ಬೇಸಾಯ ಉಳಿಯುತ್ತಿತ್ತು.

1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ‘ಎಂ 35-1’ ಎಂಬ ತಳಿಯನ್ನು ಆರಿಸಿ ತೆಗೆಯಲಾಯಿತು. ಆಗ ವಿಜಯಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಎತ್ತರದ ದಂಟು, ರೊಟ್ಟಿಗೆ ಹೇಳಿ ಮಾಡಿಸಿದ ಹೊಳಪಿನ ಕಾಳು, ಒಣ ಹವೆಯನ್ನು ತಾಳುವ ಗುಣ ಇವುಗಳಿಂದ ಅದು ಹಿಂಗಾರಿ ಸೀಮೆಯಲ್ಲಿ ಬೇರೂರಿತು.

1964ರಲ್ಲಿ ದೇಶದ ಮೊದಲ ಸಂಕರ ಜೋಳ ‘ಸಿಎಸ್‌ಎಚ್-1’ ಬಿಡುಗಡೆಯಾಯಿತು. ಗಿಡ ಗಿಡ್ಡ, ಕಾಳು ಹೆಚ್ಚು. ಆಹಾರದ ಕೊರತೆಯಿದ್ದ ಆ ಕಾಲಕ್ಕೆ ಬೇಕಾದದ್ದೂ ಅದೇ. ಮುಂಗಾರಿನ ಸೀಮೆಗಳಲ್ಲಿ ಸಂಕರ ತಳಿಗಳು ಹರಡಿದವು. ಆದರೆ ಹಿಂಗಾರಿ ಬೆಳೆಯುವ ರೈತ ಮಾಲದಂಡಿಯನ್ನು ಬಿಡಲಿಲ್ಲ. ಹಿಂಗಾರಿನ ಹವೆಗೆ ಹೊಂದುವ ಸಂಕರ ತಳಿ ಸಿಗದಿದ್ದುದು ಇದಕ್ಕೆ ಒಂದು ಕಾರಣ, ರೊಟ್ಟಿಯ ರುಚಿ ಇನ್ನೊಂದು. ಕಣಿಕೆ ಮೂರನೆಯದು. ಇದನ್ನು ಹಲವರು ರೈತನ ಹಟವೆಂದು ತಿಳಿದರು. 1990ರ ದಶಕದ ಹೊತ್ತಿಗೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಅರ್ಥಶಾಸ್ತ್ರಜ್ಞರು ಬೆಲೆಗಳನ್ನು ಪರಿಶೀಲಿಸಿದಾಗ, ಕಾಳಿಗೆ ಹೋಲಿಸಿದರೆ ಕಣಿಕೆಯ ಬೆಲೆಯೇ ಏರುತ್ತ ಬಂದಿತ್ತು. ರೈತನ ಲೆಕ್ಕ ತಪ್ಪಿರಲಿಲ್ಲ. ತಳಿ ಅಭಿವೃದ್ಧಿಯಲ್ಲಿ ಮೇವಿನ ಪ್ರಮಾಣ, ಗುಣಮಟ್ಟಗಳನ್ನೂ ಅಳೆಯುವ ಕೆಲಸಕ್ಕೆ ಮಹತ್ವ ಬಂದದ್ದು ಅನಂತರ.

ಒಣಹುಲ್ಲನ್ನು ಸುಧಾರಿಸುವ ಯತ್ನವೂ ಹಳೆಯದೇ. ಜರ್ಮನಿಯ ಬೆಕ್‌ಮನ್ 1921ರಲ್ಲಿ ಹುಲ್ಲನ್ನು ಕ್ಷಾರದಲ್ಲಿ ನೆನೆಸುವ ವಿಧಾನ ಪ್ರಕಟಿಸಿದರು. ನಮ್ಮಲ್ಲಿ ಪ್ರಚಾರಕ್ಕೆ ಬಂದದ್ದು ಯೂರಿಯಾ ಉಪಚಾರ. ನೂರು ಕಿಲೊ ಭತ್ತದ ಹುಲ್ಲಿಗೆ 4 ಕಿಲೊ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಟ್ಟರೆ ಹುಲ್ಲು ಮೆತ್ತಗಾಗಿ ಹೆಚ್ಚು ಜೀರ್ಣವಾಗುತ್ತದೆ. ಅಳತೆ ತಪ್ಪಿದರೆ ಮಾತ್ರ ಯೂರಿಯಾ ದನಕ್ಕೆ ವಿಷ.

ಇಂದು ಭತ್ತದ ಗದ್ದೆಗಳಿಗೆ ಕಟಾವು ಯಂತ್ರ ಬಂದಿದೆ. ಯಂತ್ರ ಚೆಲ್ಲಿದ ಹುಲ್ಲಿಗೆ ಕೆಲವೆಡೆ ಬೆಂಕಿ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ರಾಜ್ಯದಲ್ಲಿ ಗೋಶಾಲೆ, ಮೇವು ಬ್ಯಾಂಕುಗಳನ್ನು ತೆರೆಯಬೇಕಾಗುತ್ತದೆ. ಬಣವೆ ಒಟ್ಟುತ್ತಿದ್ದ ಅಜ್ಜನಿಗೆ ಈ ಎರಡನ್ನೂ ಒಟ್ಟಿಗೆ ವಿವರಿಸುವುದು ಕಷ್ಟ.