ಕಟ್ಟೆಯಿಂದ ಆಪ್ತಸಲಹೆವರೆಗೆ: ಕಷ್ಟದ ಮಾತಿನ ಹಾದಿ

ತುಂಗಭದ್ರೆಯ ದಂಡೆಯ ಮುಕ್ಕುಂದದಿಂದ ಹೊರಟು ಸಿಂಧನೂರು, ಮಸ್ಕಿ ದಾಟಿ ಲಿಂಗಸುಗೂರಿನತನಕ ಹೋದರೆ, ಜನ ದನಿ ಏರಿಸಿ ಮಾತಾಡುವುದು ಹೆಚ್ಚಾಗಿ ಮೂರು ಸಂಗತಿಗೆ: ಕಾಲುವೆ ನೀರು, ಸಾಲ, ಅಣ್ಣತಮ್ಮಂದಿರ ಪಾಲು. ದನಿ ಏರಿಸದೆ ಒಳಗೇ ಬೇಯುವ ನಾಲ್ಕನೆಯದೊಂದಿದೆ, ಗಂಡಹೆಂಡಿರ ನಡುವಿನ ಮಾತು. ಇಂಥ ಮಾತನ್ನು ಹೇಗೆ ಆಡಬೇಕು ಎನ್ನುವುದು ಈಗ ಶಾಸ್ತ್ರವಾಗಿ ಬೆಳೆದಿದೆ. ಬೆಂಗಳೂರಿನ ಕಂಪನಿಗಳು ದುಡ್ಡು ಕೊಟ್ಟು ನೌಕರರಿಗೆ ತರಬೇತಿ ಕೊಡಿಸುತ್ತವೆ. ಅದು ಅಮೆರಿಕದಲ್ಲಿ ಹುಟ್ಟಿ ಇತ್ತ ಬಂತೆಂದು ಬರೆಯುವುದು ರೂಢಿ. ಅರ್ಧ ನಿಜ. ಮಾತಿನ ಕೌಶಲವನ್ನು ಪಾಠವಾಗಿ ಕಟ್ಟಿದವರು ಅಲ್ಲಿಯವರು. ಎಲ್ಲಿ ಕೂತು, ಯಾವ ಹೊತ್ತಿಗೆ, ಯಾರ ಎದುರು ಮಾತಾಡಬೇಕೆಂಬ ಏರ್ಪಾಡು ಮಾತ್ರ ಈ ನೆಲದಲ್ಲಿ ಬಹಳ ಹಳೆಯದು. ಕೌಶಲಕ್ಕಿಂತ ಏರ್ಪಾಡೇ ದೊಡ್ಡದೆಂದು ನಂಬಿದವನು ನಾನು.

ಮಸ್ಕಿಯಿಂದಲೇ ಶುರು ಮಾಡೋಣ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಇಲ್ಲಿನ ಬಂಡೆ ಶಾಸನ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿತು. ಶಾಲೆಯ ಪಾಠ ಅಲ್ಲಿಗೆ ನಿಲ್ಲುತ್ತದೆ. ಶಾಸನದ ಹೂರಣ ಬೇರೆಯೇ ಇದೆ: ಧರ್ಮದ ಫಲ ದೊಡ್ಡವರಿಗಷ್ಟೇ ಅಂದುಕೊಳ್ಳಬೇಡಿ, ಸಣ್ಣವರಿಗೂ ದಕ್ಕುತ್ತದೆ ಎಂಬರ್ಥದ ಮಾತು. ನಾಲಿಗೆಯ ವಿಚಾರವನ್ನೇ ಅಶೋಕ ಬರೆಸಿದ್ದು ಹನ್ನೆರಡನೆಯ ಶಿಲಾಶಾಸನದಲ್ಲಿ. ಅದರ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಮಾತು ಹಿಡಿತದಲ್ಲಿರಲಿ, ಸಂದರ್ಭವಿಲ್ಲದೆ ನಿಮ್ಮ ಪಂಥವನ್ನು ಹೊಗಳಬೇಡಿ, ಪರರದನ್ನು ತೆಗಳಬೇಡಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಿ ಎಂಬುದು ಅದರ ಸಾರ. ಕಳಿಂಗದಲ್ಲಿ ಕತ್ತಿಯಿಂದ ಗೆದ್ದವನೇ ಇದನ್ನು ಕೊರೆಸಿದ ಎಂಬುದನ್ನು ಮರೆಯಬಾರದು.

ಮುಂದೆ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಬಿರುನುಡಿಯೂ ಅದರಲ್ಲಿ ವ್ಯಾಜ್ಯದ ಒಂದು ಬಾಬ್ತು. ರಾಜನ ನ್ಯಾಯಸಭೆಗಿಂತ ಕೆಳಗೆ ಊರಿನವರ ಕೂಟ, ಕಸುಬಿನವರ ಕೂಟ, ಕುಲದವರ ಕೂಟ ಎಂದು ಮೆಟ್ಟಿಲುಗಳಿದ್ದವು. ಮನೆಯ ಜಗಳ ಒಮ್ಮೆಗೇ ಅರಮನೆಗೆ ಹೋಗಬೇಕಿರಲಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಲಿಂಗಸುಗೂರು ತಾಲ್ಲೂಕಿನ ದಂಪತಿಯ ಕಥೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇಬ್ಬರೂ ಗುರುಗುಂಟಾ ಬಳಿಯ ಅಮರೇಶ್ವರದವರು; ಕಲ್ಯಾಣಕ್ಕೆ ಹೋಗಿ ನೆಲೆಸಿದರು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನೇ ಪರೀಕ್ಷೆಗೆಂದು ಹೆಚ್ಚು ಚೆಲ್ಲಿಸಿದ್ದ ಎನ್ನುತ್ತದೆ ಕಥೆ. ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು.

ಪ್ರವಚನಗಳಲ್ಲಿ ಇದು ಆಸೆ ತೊರೆಯುವ, ಅಪರಿಗ್ರಹದ ಕಥೆ. ಮಾತಿನ ದೃಷ್ಟಿಯಿಂದ ಓದಿದರೆ ಬೇರೆ ಸಂಗತಿ ಕಾಣುತ್ತದೆ. ಅಕ್ಕಿ ಇನ್ನೂ ಮಡಿಲಲ್ಲಿರುವಾಗಲೇ ಆಕೆ ಮಾತೆತ್ತಿದಳು. ಆ ದಿನದ ಅಕ್ಕಿಯ ಬಗ್ಗೆ ಆಡಿದಳೇ ಹೊರತು ಗಂಡನ ಸ್ವಭಾವ, ಅತ್ತೆಮನೆ, ಹೋದ ವರ್ಷದ ತಪ್ಪು ಎಳೆದು ತರಲಿಲ್ಲ. ಈಗ ಏನು ಮಾಡಬೇಕೆಂದೂ ಹೇಳಿದಳು. ಗಂಡ ಮುನಿಯದೆ ಕೇಳಿದ. ಆತ ಕೇಳಿದ್ದಕ್ಕೆ ಆಕೆಯ ನಾಲಿಗೆಯ ಚಮತ್ಕಾರವಷ್ಟೇ ಕಾರಣವೆಂದು ನನಗನಿಸುವುದಿಲ್ಲ. ಹೆಂಡತಿ ತಿದ್ದಿದರೆ ಅವಮಾನವಲ್ಲ ಎಂಬ ಒಪ್ಪಂದ ಶರಣರ ಕೂಟದಲ್ಲಿತ್ತು, ಹೆಣ್ಣುಮಕ್ಕಳು ಅಲ್ಲಿ ಕೂತು ವಾದ ಮಾಡುತ್ತಿದ್ದರು. ಆ ಒಪ್ಪಂದವಿಲ್ಲದ ಮನೆಯಲ್ಲಿ ಇದೇ ಮಾತಿಗೆ ಏಟು ಬೀಳುತ್ತದೆ.

ಊರಕಟ್ಟೆಯ ಪಂಚಾಯ್ತಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಕೈಚಳಕ ಗೊತ್ತು. ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರನ್ನು ಎದುರಾಬದುರು ಕೂಡಿಸುವುದಿಲ್ಲ. ಇಬ್ಬರೂ ಹಿರಿಯನ ಕಡೆ ಮುಖ ಮಾಡಿ ಮಾತಾಡಬೇಕು. ಒಬ್ಬನ ದನಿ ಏರಿದರೆ “ಮೊದಲ ಚಾ ಕುಡೀರಿ, ಆಮ್ಯಾಲ ಮಾತಾಡೋಣ” ಎಂದು ಹಿರಿಯ ತಡೆಯುತ್ತಾನೆ. ಅಷ್ಟಕ್ಕೂ ತಣಿಯದಿದ್ದರೆ ಮಾತು ಮರುದಿನ ಮುಂಜಾನೆಗೆ ಹೋಗುತ್ತದೆ. ಅಲ್ಲಿಯತನಕ ಸೋದರಮಾವ ಎರಡೂ ಮನೆಗೆ ಓಡಾಡಿ, ಇವನು ಅಂದದ್ದರಲ್ಲಿ ಮುಳ್ಳು ತೆಗೆದು ಅವನಿಗೆ ದಾಟಿಸುತ್ತಾನೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1986ರಿಂದ ಗಂಡಹೆಂಡಿರ ಜಗಳವನ್ನು ಪ್ರಯೋಗಾಲಯದಲ್ಲಿ ಕೂಡಿಸಿ, ನಾಡಿ ಅಳೆದು ನೋಡಿದ ಜಾನ್ ಗಾಟ್‌ಮನ್ ಹೇಳುವುದೂ ಇದನ್ನೇ: ಎದೆಬಡಿತ ನಿಮಿಷಕ್ಕೆ ನೂರು ದಾಟಿದ ಮೇಲೆ ಕಿವಿ ಕೇಳುವುದಿಲ್ಲ, ಇಪ್ಪತ್ತು ನಿಮಿಷವಾದರೂ ಬಿಟ್ಟು ಕೂಡಿ. ನಮ್ಮ ಚಾ ಅಷ್ಟು ಹೊತ್ತು ಹಿಡಿಯುತ್ತದೆ.

ಹಾಗೆಂದು ಕಟ್ಟೆಯನ್ನು ಅಟ್ಟಕ್ಕೇರಿಸಲಾರೆ. ಅಲ್ಲಿ ಕೂಡುತ್ತಿದ್ದವರು ಹೊಲವುಳ್ಳ ಗಂಡಸರು. ಕೇರಿಯವರು ದೂರ ನಿಂತಿರಬೇಕಿತ್ತು. ಹೆಂಗಸಿನ ಸಂಗತಿಯನ್ನು ಅವಳ ಬಾಯಿಂದ ಕೇಳದೆ ತೀರ್ಮಾನಿಸುತ್ತಿದ್ದರು. ಮುಳ್ಳು ತೆಗೆಯುವ ನೆಪದಲ್ಲಿ ಎಷ್ಟೋ ಸಲ ಸಂಗತಿಯನ್ನೇ ತೆಗೆದುಹಾಕಿದ್ದಾರೆ.

ಪಶ್ಚಿಮದಲ್ಲಿ ಶಾಸ್ತ್ರ ಬೆಳೆದ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರ ತನ್ನ ಪುಸ್ತಕದಲ್ಲಿ, ಸಲಹೆ ಕೊಡುವುದಕ್ಕಿಂತ ಎದುರಿನವನ ಮಾತನ್ನು ಪೂರಾ ಕೇಳುವುದೇ ಚಿಕಿತ್ಸೆ ಎಂದ. ಆತನ ಶಿಷ್ಯ ಥಾಮಸ್ ಗಾರ್ಡನ್ 1962ರಲ್ಲಿ ತಂದೆತಾಯಿಗಳಿಗೆ ತರಗತಿ ತೆರೆದು, ನೀನು ಹೀಗೆ ಎಂದು ಬೆರಳು ತೋರಿಸುವ ಬದಲು ನನಗೆ ಹೀಗಾಯಿತು ಎಂದು ಹೇಳಲು ಕಲಿಸಿದ. ಮಾರ್ಷಲ್ ರೋಸೆನ್‌ಬರ್ಗ್ ಗಾಂಧೀಜಿಯ ಅಹಿಂಸೆಯನ್ನು ಮಾತಿಗೆ ಅನ್ವಯಿಸಿ 1984ರಲ್ಲಿ ಸಂಸ್ಥೆ ಕಟ್ಟಿದ. ಹಾರ್ವರ್ಡ್‌ನ ರೋಜರ್ ಫಿಶರ್, ವಿಲಿಯಂ ಯೂರಿ 1981ರಲ್ಲಿ ಚೌಕಾಸಿಯ ಬಗ್ಗೆ ಬರೆದರು; ಅದೇ ಬಳಗದ ಡಗ್ಲಸ್ ಸ್ಟೋನ್, ಬ್ರೂಸ್ ಪ್ಯಾಟನ್, ಶೀಲಾ ಹೀನ್ 1999ರಲ್ಲಿ, ಪ್ರತಿ ಕಷ್ಟದ ಮಾತಿನೊಳಗೆ ಮೂರು ಮಾತು ಒಟ್ಟಿಗೆ ನಡೆಯುತ್ತವೆಂದು ತೋರಿಸಿದರು: ಏನಾಯಿತು, ಮನಸ್ಸಿಗೆ ಏನನಿಸಿತು, ಇದರಿಂದ ನಾನು ಎಂಥವನಾದೆ. ಪಾಲಿನ ಜಗಳ ನೋಡಿದವರು ಮೂರನೆಯದನ್ನು ತಟ್ಟನೆ ಒಪ್ಪುತ್ತಾರೆ. ಜಗಳ ನಾಲ್ಕು ಗುಂಟೆಗೆ ಎಂದು ಕಾಣುತ್ತದೆ, ಒಳಗೆ ಕುದಿಯುವುದು ಅಪ್ಪ ಯಾರನ್ನು ಹೆಚ್ಚು ನೆಚ್ಚಿದ್ದ ಎಂಬುದು.

ಗಾರ್ಡನ್‌ನ ಪಾಠ ಮಾತ್ರ ನಮ್ಮ ಅಡುಗೆಮನೆಯಲ್ಲಿ ಎಡವುತ್ತದೆ. ಸೊಸೆ ಅತ್ತೆಗೆ ನೇರವಾಗಿ “ನನಗ ಬ್ಯಾಸರ ಆತ್ರಿ” ಅಂದರೆ ಅಷ್ಟೇ ಒಂದು ಜಗಳ. ಅದಕ್ಕೇ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಹೋಗುತ್ತದೆ, ಇಲ್ಲವೆ ನಾದಿನಿಯ ಮೂಲಕ ಸುತ್ತಿಬರುತ್ತದೆ. ಸುತ್ತಿಬರುವುದು ಹೇಡಿತನವೆಂದು ತರಬೇತುದಾರರು ತಿಳಿದಿದ್ದಾರೆ. ಬೇರೆ ದಾರಿ ಇಲ್ಲದವಳಿಗೆ ಅದು ಜಾಣತನ.

ದುಡಿಮೆಯ ಜಾಗದಲ್ಲಿ ಏರ್ಪಾಡು ಕಾನೂನಾಗಿಯೇ ಬಂತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ, ಆಡಳಿತದವರಿಗಿಂತ ಕಡಿಮೆಯಿಲ್ಲದಂತೆ ಕಾರ್ಮಿಕರ ಪ್ರತಿನಿಧಿಗಳಿರುವ ಸಮಿತಿ ರಚಿಸಬೇಕೆಂದು ಸರ್ಕಾರ ಆದೇಶಿಸಬಹುದಿತ್ತು. ಮಾತು ಮುರಿದರೆ ಸಂಧಾನಾಧಿಕಾರಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಂಪನಿ ನೋಂದಣಿಯಾದದ್ದೂ 1947ರಲ್ಲೇ. ನೆಲದಾಳದಲ್ಲಿ ಪಾಳಿ ಮಾಡುವವನು ಸಂಘದ ಬಲವಿಲ್ಲದೆ ಮೇಲಧಿಕಾರಿಯ ಎದುರು ಭಾವನೆ ತೋಡಿಕೊಳ್ಳುತ್ತಾನೆಂದರೆ ಯಾರೂ ನಂಬರು. ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರಲ್ಲಿ ಬಂತು, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಇಂಥ ದೂರು ಕೇಳುವ ಆಂತರಿಕ ಸಮಿತಿ 2013ರ ಕಾಯ್ದೆಯಿಂದ ಕಡ್ಡಾಯವಾಯಿತು. ಇದೂ ಒಂದು ಕಟ್ಟೆಯೇ. ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಹೆಂಗಸರು, ಹೆಂಗಸೇ ಅಧ್ಯಕ್ಷೆ, ಹೊರಗಿನಿಂದ ಒಬ್ಬರು ಇರಲೇಬೇಕೆಂಬ ಷರತ್ತಿನ ಕಟ್ಟೆ.

ಮನೆಯ ಮಾತಿಗೂ ಕಾನೂನು ಬಂತು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರದು. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ತೆರೆಯಿತು, ಮಧ್ಯಸ್ಥಿಕೆ ಕಾಯ್ದೆ 2023ರಲ್ಲಿ ಬಂತು. ನಡುವೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಒಂದು ಗಡಿ ಹಾಕಿತು. ಹೊಡೆತವಿರುವ ಮನೆಯಲ್ಲಿ ರಾಜಿಮಾತು ಮೊದಲ ಮದ್ದಲ್ಲ, ರಕ್ಷಣೆ ಮೊದಲು. ಕಟ್ಟೆಗೆ ಗೊತ್ತಿಲ್ಲದಿದ್ದ ಗಡಿ ಅದು.

ಆಪ್ತಸಲಹೆ ಹಳ್ಳಿಗೆ ಬಂದ ಕಥೆಯಲ್ಲಿ ನಮ್ಮ ಹೊಳೆಯಾಚೆಯ ಬಳ್ಳಾರಿಗೆ ದೊಡ್ಡ ಹೆಸರಿದೆ. ನಿಮ್ಹಾನ್ಸ್‌ನವರು 1985ರಿಂದ ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಇದೇ ವಿಚಾರವನ್ನು ತಿಳಿಗನ್ನಡದ ಪುಸ್ತಕಗಳಲ್ಲಿ ಮನೆಮನೆಗೆ ಮುಟ್ಟಿಸಿದರು.

ಇಷ್ಟೆಲ್ಲ ಬೆಳೆದರೂ ಈ ಶಾಸ್ತ್ರ ಕಾಲುವೆಗೆ ಇಳಿದಿಲ್ಲ. ತುಂಗಭದ್ರಾ ಎಡದಂಡೆ ನಾಲೆಯನ್ನು ರೂಪಿಸಿದವರು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗೆಂದು ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗ ಒಣಗಿತು. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಈ ನಾಲೆಯ ಮೇಲೆಯೇ 1998ರಲ್ಲಿ ಪ್ರಬಂಧ ಬರೆದ. ಆತ ತೂಬಿನ ಬಳಿ ನಿಂತು ನೋಡಿದ್ದು ನೀರಿನ ಹಂಚಿಕೆ ಕಾಗದದ ಮೇಲಿನ ಪಾಳಿಯಂತೆ ನಡೆಯದೆ, ರೈತರು, ಊರ ಮುಖಂಡರು, ಎಂಜಿನಿಯರು, ರಾಜಕಾರಣಿಗಳ ನಡುವಿನ ಜಗ್ಗಾಟದಲ್ಲಿ ತೀರ್ಮಾನವಾಗುವುದನ್ನು. ರಾತ್ರಿ ತೂಬು ಎತ್ತಿದವನಿಗೂ ಬೆಳಗ್ಗೆ ಒಣ ಕಾಲುವೆ ಕಂಡವನಿಗೂ ನಡುವೆ ಸಿಕ್ಕಿಕೊಂಡು ಇಬ್ಬರ ಬೈಗುಳವನ್ನೂ ತಿನ್ನುವವನು ನಾಲೆ ಕಾಯುವ ಗ್ಯಾಂಗ್‌ಮನ್. ಅವನಿಗೆ ಯಾರೂ ಮಾತಿನ ತರಬೇತಿ ಕೊಡಿಸಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಕೊನೆ ಭಾಗದವನು ಎಷ್ಟು ಮಾತು ಬಲ್ಲವನಾದರೂ ಮೇಲಿನವನು ಕೇಳಬೇಕಾದ ಜಾಗವೇ ಇಲ್ಲದಿದ್ದರೆ ಜಗಳ ತಪ್ಪದು.

ಸಾಲದ್ದೂ ಇದೇ ಪಾಡು. ಕಂತು ತಪ್ಪಿದ ಮನೆಯ ಹೊಸ್ತಿಲಲ್ಲಿ, ಓಣಿಯವರೆಲ್ಲ ಕೇಳುವಂತೆ ಆಡಿದ ಮಾತು ಊರು ಬಿಡಿಸಿದೆ, ಜೀವವನ್ನೂ ತೆಗೆದಿದೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಕ್ಯಾನ್ಸರ್ ವೈದ್ಯರಿಗೆ ಕೆಟ್ಟ ಸುದ್ದಿ ಹೇಳಲು ಕಲಿಸುವ, 2000ದಲ್ಲಿ ಪ್ರಕಟವಾದ ಸ್ಪೈಕ್ಸ್ ಎಂಬ ಕ್ರಮದ ಮೊದಲ ಹೆಜ್ಜೆಯೇ ಜಾಗ: ಬಾಗಿಲು ಹಾಕಿ, ಕೂತು ಮಾತಾಡಿ. ಸಾಲದ ಮಾತಿಗೆ ಅಷ್ಟು ಮರ್ಯಾದೆಯೂ ಸಿಗುತ್ತಿಲ್ಲ.

ಕಾಲುವೆಯ ಮಾತಿಗೆ ಜಾಗ ಬೇಕೆಂದರೆ ನೀರು ಬಳಕೆದಾರರ ಸಹಕಾರ ಸಂಘಗಳು ಕಾಗದದ ಮೇಲೆ ಇದ್ದೇ ಇವೆ. ನೀರು ಬಿಡುವ ಮೊದಲು ಸಭೆ ಕರೆಯಲಿ, ಮೊದಲ ಮಾತು ಕೊನೆ ಭಾಗದವರದಾಗಲಿ, ಹೊಲ ಮಾಡುವ ಹೆಣ್ಣುಮಕ್ಕಳಿಗೂ ಕುರ್ಚಿ ಹಾಕಲಿ, ಗ್ಯಾಂಗ್‌ಮನ್‌ನನ್ನೂ ಕರೆಯಲಿ. ಮನೆಯೊಳಗೆ ಕುದಿದು ಯಾರೊಡನೆಯೂ ಆಡಲಾಗದವರಿಗೆ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416 ಇದೆ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.