ಬೇಹುಗಾರಿಕೆ ಚಿತ್ರಗಳ ಬಿಗುವು: ಯಾರಿಗೆ ಎಷ್ಟು ಗೊತ್ತು?

ಗೂಢಚಾರರ ಕಥೆಯುಳ್ಳ ಚಲನಚಿತ್ರಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದರಲ್ಲಿ ನಾಯಕನು ಎಲ್ಲವನ್ನೂ ಬಲ್ಲವನು, ಎಲ್ಲರನ್ನೂ ಗೆಲ್ಲುವವನು. ಎರಡನೆಯದರಲ್ಲಿ ಅವನು ತಿಂಗಳ ಸಂಬಳಕ್ಕೆ ದುಡಿಯುವ ಸರಕಾರಿ ನೌಕರ. ಅವನಿಗೆ ತಿಳಿದಿರುವುದು ಅಲ್ಪ, ತಿಳಿಯದಿರುವುದೇ ಅಪಾರ.

ಕನ್ನಡಕ್ಕೆ ಮೊದಲು ಬಂದದ್ದು ಮೊದಲನೆಯ ಬಗೆ. 1962ರಲ್ಲಿ ‘ಡಾಕ್ಟರ್ ನೋ’ ಮೂಲಕ ಜೇಮ್ಸ್ ಬಾಂಡ್ ತೆರೆಯನ್ನೇರಿದ ಆರು ವರ್ಷಗಳಿಗೆ, ಅಂದರೆ 1968ರಲ್ಲಿ, ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ನಿರ್ದೇಶಿಸಿತು. ರಾಜಕುಮಾರ್ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ನೇಪಾಳದವರೆಗೂ ಹೋಗಿ ಚಿತ್ರೀಕರಿಸಿದ ‘ಆಪರೇಷನ್ ಡೈಮಂಡ್ ರಾಕೆಟ್’ ತೆರೆಕಂಡವು. ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಕಂಡ ನಟನನ್ನು ಕೋಟು-ಪಿಸ್ತೂಲುಗಳಲ್ಲಿ ಕಾಣುವ ಹರ್ಷವೇ ಆ ಚಿತ್ರಗಳ ದೊಡ್ಡ ಬಂಡವಾಳ. ಅವನ್ನು ಲಘುವಾಗಿ ಕಾಣಬೇಕಿಲ್ಲ. ಆದರೆ ನಾಯಕನಿಗೆ ಏನೂ ಆಗದೆಂಬ ಭರವಸೆಯಿಂದಲೇ ಪ್ರೇಕ್ಷಕನು ಅವನ್ನು ಸವಿಯುತ್ತಿದ್ದನು.

ಹೆಸರಿನ ಬಗ್ಗೆ ಒಂದು ಮಾತು. ರಬಕವಿ-ಬನಹಟ್ಟಿಯಂತಹ ಮಗ್ಗದ ಊರುಗಳಿರುವ ನಾಡಿನಲ್ಲಿ ‘ಜೇಡ’ ಎಂಬುದಕ್ಕೆ ಬಲೆ ಕಟ್ಟುವ ಹುಳು ಎಂಬ ಅರ್ಥದ ಜೊತೆಗೆ ನೇಕಾರನೆಂಬ ಅರ್ಥವೂ ಉಂಟು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಅರ್ಥವೇ. ಹಾಸಿನಲ್ಲಿ ಒಂದು ಎಳೆ ಹರಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುವುದನ್ನು ನೇಕಾರರು ಬಲ್ಲರು. ವಾಸ್ತವ ಶೈಲಿಯ ಬೇಹುಗಾರಿಕೆ ಚಿತ್ರದ ಪಾಡೂ ಅದೇ. ಮೊದಲ ಹತ್ತು ನಿಮಿಷಗಳಲ್ಲಿ ಒಬ್ಬ ಗುಮಾಸ್ತನು ಗುಮಾಸ್ತನಂತೆ ನಡೆದುಕೊಳ್ಳದಿದ್ದರೆ ಆ ಗೆರೆ ಕಡೆಯ ದೃಶ್ಯದವರೆಗೂ ಕಾಣುತ್ತಿರುತ್ತದೆ.

ಬಿಗುವಿನ ಲೆಕ್ಕ

ಇಂತಹ ಚಿತ್ರದಲ್ಲಿ ಹೊಡೆದಾಟ ವಿರಳ, ಓಟ ವಿರಳ, ಮಾತು ಮೆಲುದನಿಯದು. ಆದರೂ ಪ್ರೇಕ್ಷಕನು ಉಸಿರು ಬಿಗಿಹಿಡಿದು ಕೂರುವುದು ಏಕೆ? ಈ ಕ್ಷಣದಲ್ಲಿ ಯಾರಿಗೆ ಎಷ್ಟು ಗೊತ್ತು ಎಂಬ ಲೆಕ್ಕವನ್ನು ನಿರ್ದೇಶಕನು ಹೇಗೆ ಹಂಚಿದ್ದಾನೆ ಎಂಬುದರಲ್ಲಿ ಇದರ ಉತ್ತರವಿದೆ. ಮುಂದೇನಾದೀತು ಎಂಬ ಕುತೂಹಲ ಒಮ್ಮೆ ನೋಡಿದರೆ ತೀರಿಹೋಗುತ್ತದೆ. ಅವನಿಗೆ ಇದು ಗೊತ್ತಾಗಿಬಿಟ್ಟಿತೇ ಎಂಬ ಆತಂಕ ಎರಡನೆಯ ಸಲವೂ ಕಾಡುತ್ತದೆ.

ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ವಿವರಿಸಿದ್ದುಂಟು. ಮೇಜಿನ ಕೆಳಗೆ ಬಾಂಬ್ ಇರುವುದು ಯಾರಿಗೂ ತಿಳಿಯದೆ ಅದು ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು ಹದಿನೈದು ಸೆಕೆಂಡುಗಳ ಆಘಾತ. ಬಾಂಬ್ ಇರುವುದು ಪ್ರೇಕ್ಷಕನಿಗೆ ಮಾತ್ರ ತಿಳಿದಿದ್ದು, ಮೇಜಿನ ಸುತ್ತ ಕುಳಿತವರು ಲೋಕಾಭಿರಾಮ ಮಾತಾಡುತ್ತಿದ್ದರೆ ಸಿಗುವುದು ಹದಿನೈದು ನಿಮಿಷಗಳ ತಳಮಳ.

ಜಮಖಂಡಿ, ಮುಧೋಳ ಸೀಮೆಯ ಪ್ರೇಕ್ಷಕರಿಗೆ ಇದು ಹೊಸ ವಿದ್ಯೆಯಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣನು ಕೊರವಂಜಿಯ ವೇಷದಲ್ಲಿ ಬರುವಾಗ ಅವನಾರೆಂದು ಬಯಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಎದುರಿಗೆ ಕುಳಿತು ಕೈ ತೋರಿಸುವವಳಿಗೆ ಮಾತ್ರ ಗೊತ್ತಿಲ್ಲ. ಅಲ್ಲಿ ಅದು ನಗೆಯನ್ನು ಹುಟ್ಟಿಸುತ್ತದೆ. ಸಿಕ್ಕಿಬಿದ್ದರೆ ಪ್ರಾಣ ಹೋಗುತ್ತದೆ ಎಂಬ ಒಂದೇ ಷರತ್ತನ್ನು ಸೇರಿಸಿದರೆ ಅದೇ ಸನ್ನಿವೇಶ ಗೂಢಚಾರ ಕಥೆಯಾಗುತ್ತದೆ.

ಈ ಲೆಕ್ಕ ಬಲ್ಲ ನಿರ್ದೇಶಕನಿಗೆ ಕಥೆಯ ಅಂತ್ಯ ಮೊದಲೇ ತಿಳಿದಿದ್ದರೂ ತೊಂದರೆಯಿಲ್ಲ. ಫ್ರೆಡ್ ಝಿನ್ನೆಮನ್ ನಿರ್ದೇಶನದ ‘ದಿ ಡೇ ಆಫ್ ದಿ ಜಾಕಲ್’ (1973) ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ರನ್ನು ಕೊಲ್ಲಲು ಹೊರಟ ಬಾಡಿಗೆ ಹಂತಕನ ಕಥೆ. ಡಿ ಗಾಲ್ 1970ರಲ್ಲಿ ತಮ್ಮ ಮನೆಯಲ್ಲಿಯೇ ಸಹಜವಾಗಿ ತೀರಿಕೊಂಡರೆಂಬುದು ಲೋಕಕ್ಕೆಲ್ಲ ಗೊತ್ತಿತ್ತು. ಆದರೂ ಹಂತಕನು ಕಲ್ಲಂಗಡಿಯನ್ನು ಮರಕ್ಕೆ ತೂಗುಹಾಕಿ ಬಂದೂಕಿನ ಗುರಿಯನ್ನು ಸರಿಪಡಿಸಿಕೊಳ್ಳುವ ದೃಶ್ಯದಲ್ಲಿ ಮೈ ತಣ್ಣಗಾಗುತ್ತದೆ. ಒಬ್ಬನು ತನ್ನ ಕಸುಬನ್ನು ಶ್ರದ್ಧೆಯಿಂದ ಮಾಡುವುದನ್ನು ನೋಡುವುದರಲ್ಲಿ ಒಂದು ಸೆಳೆತವಿದೆ. ಆ ಕಸುಬು ಕೊಲೆಯಾದಾಗ ಆ ಸೆಳೆತಕ್ಕೆ ನಾವೇ ಹೆದರುತ್ತೇವೆ.

ಕೋಣನಕುಂಟೆಯ ಮನೆ

ಕನ್ನಡದಲ್ಲಿ ಈ ಬಗೆಗೆ ಅತ್ಯಂತ ಸಮೀಪ ಬಂದ ಚಿತ್ರ ಎ.ಎಂ.ಆರ್. ರಮೇಶ್ ನಿರ್ದೇಶನದ ‘ಸೈನೈಡ್’ (2006). ಇದು ಕಟ್ಟುನಿಟ್ಟಾಗಿ ಗೂಢಚಾರ ಚಿತ್ರವಲ್ಲ, ತಲೆಮರೆಸಿಕೊಂಡವರ ಹಾಗೂ ಅವರನ್ನು ಹುಡುಕುವವರ ಚಿತ್ರ. ಆದರೆ ಗುಟ್ಟು, ಸುಳ್ಳು ಹೆಸರು, ಬಾಡಿಗೆ ಮನೆ, ನೆರೆಹೊರೆಯವರ ಕಣ್ಣು, ಹೀಗೆ ಬೇಹುಗಾರಿಕೆಯ ಸಾಮಗ್ರಿಯೆಲ್ಲ ಇದರಲ್ಲಿದೆ.

1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆ ನಡೆಯಿತು. ತನಿಖೆಯ ಹೊಣೆ ಕರ್ನಾಟಕ ಶ್ರೇಣಿಯ ಪೊಲೀಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತಂಡಕ್ಕೆ ಬಂತು. ಸಂಚಿನ ರೂವಾರಿ ಶಿವರಾಸನ್, ಸಂಗಾತಿ ಶುಭಾ ಹಾಗೂ ಇತರರು ಬೆಂಗಳೂರಿಗೆ ಬಂದು ಅಡಗಿದರು; ಕೊನೆಗೆ ನಗರದ ಅಂಚಿನ ಕೋಣನಕುಂಟೆಯ ಒಂದು ಮನೆ ಸೇರಿದರು. ಮನೆ ಪತ್ತೆಯಾಯಿತು, ಕಮಾಂಡೋಗಳು ಸುತ್ತುವರಿದರು, ಒಳನುಗ್ಗಲು ಅಪ್ಪಣೆ ಬರುವುದು ಮಾತ್ರ ತಡವಾಯಿತು. ಆಗಸ್ಟ್ 20ರ ಬೆಳಗ್ಗೆ ಬಾಗಿಲು ಒಡೆದಾಗ ಒಳಗೆ ಸಿಕ್ಕಿದ್ದು ಏಳು ಶವಗಳು. ಅಂದು ರಾಜೀವ್ ಜನ್ಮದಿನ.

ಇಷ್ಟನ್ನೂ ಪತ್ರಿಕೆಗಳಲ್ಲಿ ಓದಿ ತಿಳಿದಿದ್ದ ಜನರೇ ಹದಿನೈದು ವರ್ಷಗಳ ಬಳಿಕ ಚಿತ್ರಮಂದಿರದಲ್ಲಿ ಕುಳಿತರು. ಅಂತ್ಯ ಚಿತ್ರದ ಹೆಸರಿನಲ್ಲಿಯೇ ಇತ್ತು. ಚಿತ್ರ ಅವರನ್ನು ಹಿಡಿದು ನಿಲ್ಲಿಸಿದ್ದು ರಂಗಾಯಣ ರಘು ಮತ್ತು ತಾರಾ ಅಭಿನಯಿಸಿದ ದಂಪತಿಯ ಪಾತ್ರಗಳ ಮೂಲಕ. ದೇಶದ ಪೊಲೀಸರೆಲ್ಲ ಹುಡುಕುತ್ತಿದ್ದ, ಭಾವಚಿತ್ರ ಎಲ್ಲೆಡೆ ಅಚ್ಚಾಗಿದ್ದ ವ್ಯಕ್ತಿ ತಮ್ಮದೇ ಸೂರಿನ ಕೆಳಗೆ ಇದ್ದಾನೆ. ಹೇಳಿದರೆ ಜೀವಕ್ಕೆ ಅಪಾಯ, ಹೇಳದಿದ್ದರೆ ಕಾನೂನಿನ ಕೈಗೆ ಸಿಕ್ಕುವ ಅಪಾಯ. ಅಡುಗೆಮನೆಯಿಂದ ಪಡಸಾಲೆಗೆ ಬರುವ ಹೆಂಗಸಿನ ಮುಖದಲ್ಲಿ ಅವಳಿಗೆ ತಿಳಿದದ್ದು ಕಾಣಿಸಬಾರದು. ತಾರಾ ಅವರ ಅಭಿನಯದ ಹೆಚ್ಚುಗಾರಿಕೆ ಇರುವುದು ಈ ‘ಕಾಣಿಸದಿರುವಿಕೆ’ಯಲ್ಲಿ. ರವಿ ಕಾಳೆಯವರ ಶಿವರಾಸನ್ ಅಬ್ಬರಿಸುವ ಖಳನಾಗದೆ ಶಿಸ್ತಿನ ಮನುಷ್ಯನಾಗಿರುವುದು ಆ ಮನೆಯ ಗಾಳಿಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಅದೇ ಹತ್ಯೆಯನ್ನು ಗುಪ್ತಚರ ಇಲಾಖೆಯ ಕಡೆಯಿಂದ ನೋಡಿದ ಹಿಂದಿ ಚಿತ್ರ ಶೂಜಿತ್ ಸರ್ಕಾರ್ ಅವರ ‘ಮದ್ರಾಸ್ ಕೆಫೆ’ (2013). ಎರಡನ್ನೂ ನೋಡಿದವರಿಗೆ ಒಂದು ಅಂಶ ಹೊಳೆದೀತು: ದೇಶ-ದೇಶಗಳನ್ನು ಸುತ್ತುವ ಕಥೆಗಿಂತ ನಾಲ್ಕು ಗೋಡೆಗಳೊಳಗಿನ ಕಥೆಯಲ್ಲಿ ಬಿಗುವು ಹೆಚ್ಚು.

ಕಡತ, ಕಚೇರಿ, ಕಿವಿ

ಬೇಹುಗಾರಿಕೆಯ ಬಹುಭಾಗ ಕಚೇರಿ ಕೆಲಸ. ಬ್ರಿಟಿಷ್ ಗುಪ್ತಚರ ಸಂಸ್ಥೆಗಳಲ್ಲಿ ಕೆಲಸ ಮಾಡಿದ್ದ ಕಾದಂಬರಿಕಾರ ಜಾನ್ ಲೆ ಕಾರೆ (ನಿಧನ 2020) ಈ ಸತ್ಯವನ್ನೇ ಸಾಹಿತ್ಯವಾಗಿಸಿದವರು. ಅವರ ಕಾದಂಬರಿಯನ್ನು ಆಧರಿಸಿದ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್’ 1965ರಲ್ಲಿ ಬಂತು. ಬಾಂಡ್‌ನ ‘ಥಂಡರ್‌ಬಾಲ್’ ಬಂದದ್ದೂ ಅದೇ ವರ್ಷ. ಒಂದರಲ್ಲಿ ಬಣ್ಣ, ಕಡಲು. ಇನ್ನೊಂದರಲ್ಲಿ ಕಪ್ಪು-ಬಿಳುಪು, ಬರ್ಲಿನ್ ಗೋಡೆ ಹಾಗೂ ರಿಚರ್ಡ್ ಬರ್ಟನ್‌ನ ದಣಿದ ಮುಖ.

ಅವರದೇ ಕೃತಿಯಿಂದ 2011ರಲ್ಲಿ ಬಂದ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಚಿತ್ರದ ಒಂದು ದೃಶ್ಯವನ್ನು ವಿಶೇಷವಾಗಿ ಗಮನಿಸಬೇಕು. ಪೀಟರ್ ಗಿಲ್ಲಮ್ ಎಂಬ ಅಧಿಕಾರಿ ತನ್ನದೇ ಕಚೇರಿಯ ದಾಖಲೆ ಕೋಣೆಯಿಂದ ಒಂದು ಪುಸ್ತಕವನ್ನು ಕದಿಯಬೇಕು. ಬಂದೂಕಿಲ್ಲ, ಕತ್ತಲೆಯಿಲ್ಲ, ಹಾಡುಹಗಲು, ಪರಿಚಿತ ಸಹೋದ್ಯೋಗಿಗಳು. ಮೊದಲೇ ಗೊತ್ತುಮಾಡಿಕೊಂಡ ಒಂದು ದೂರವಾಣಿ ಕರೆ, ಒಂದು ಚೀಲದ ಅದಲುಬದಲು. ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಮೇಲಧಿಕಾರಿಗಳಿಂದ ಕರೆ ಬರುತ್ತದೆ. ಅದು ಬೇರೊಂದು ವಿಚಾರಕ್ಕೆಂದು ತಿಳಿಯುವವರೆಗಿನ ಆ ನಡಿಗೆಯಲ್ಲಿ ಪ್ರೇಕ್ಷಕನೂ ಜೊತೆಗೆ ನಡೆಯುತ್ತಾನೆ. ಮೇಲಧಿಕಾರಿಯ ಕೋಣೆಗೆ ಅಕಾರಣವಾಗಿ ಕರೆಸಿಕೊಂಡ ಅನುಭವ ಯಾವ ನೌಕರನಿಗಿಲ್ಲ!

ಜರ್ಮನ್ ಭಾಷೆಯ ‘ದಿ ಲೈವ್ಸ್ ಆಫ್ ಅದರ್ಸ್’ (2006) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1984ರ ಪೂರ್ವ ಬರ್ಲಿನ್. ರಹಸ್ಯ ಪೊಲೀಸ್ ಅಧಿಕಾರಿಯೊಬ್ಬನು ಅಟ್ಟದ ಮೇಲೆ ಕುಳಿತು, ಕಿವಿಗೆ ಯಂತ್ರ ತಗುಲಿಸಿಕೊಂಡು, ಕೆಳಗಿನ ಮನೆಯ ನಾಟಕಕಾರನ ಬದುಕನ್ನು ಕೇಳುತ್ತಾನೆ. ಕೇಳುತ್ತ ಕೇಳುತ್ತ ಅವನೇ ಬದಲಾಗುತ್ತಾನೆ. ಅವನು ವರದಿಯಲ್ಲಿ ಏನನ್ನು ಬರೆಯುತ್ತಾನೆ, ಏನನ್ನು ಬಿಡುತ್ತಾನೆ ಎಂಬುದೇ ಚಿತ್ರದ ಸಾಹಸ.

ಮಾತಿನ ಬಲಕ್ಕೆ ನಮ್ಮ ನೆಲದಲ್ಲಿಯೇ ಹಳೆಯ ನಿದರ್ಶನವಿದೆ. ಮುಧೋಳದಲ್ಲಿ ಹುಟ್ಟಿದ ಕವಿ ರನ್ನನು 10ನೇ ಶತಮಾನದವನು. ಅವನ ಗದಾಯುದ್ಧದಲ್ಲಿ ಗದೆಗಳು ತಾಗುವ ಮುನ್ನ, ಕೊಳದಲ್ಲಿ ಅಡಗಿದ ದುರ್ಯೋಧನನನ್ನು ಭೀಮನು ಬರಿಯ ಮಾತಿನಿಂದ ಹೊರಗೆಳೆಯುತ್ತಾನೆ. ಒಬ್ಬನು ಕಾಣದಂತೆ ಇದ್ದಾನೆ, ಇನ್ನೊಬ್ಬನು ಅವನ ಅಭಿಮಾನವನ್ನು ಕೆಣಕುತ್ತಿದ್ದಾನೆ. ಒಳ್ಳೆಯ ವಿಚಾರಣೆಯ ದೃಶ್ಯಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಡ.

ವಾಸ್ತವವೆಂದು ಹೇಳಿಕೊಂಡ ಅನೇಕ ಚಿತ್ರಗಳು ಸೋಲುವುದು ಸಣ್ಣ ಸಂಗತಿಗಳಲ್ಲಿ: ಭಯಪಡಬೇಕಾದ ಸ್ಥಳವನ್ನು ಮೊದಲೇ ಸಾರುವ ಹಿನ್ನೆಲೆ ಸಂಗೀತ, ಕ್ಷಣಕ್ಷಣಕ್ಕೂ ಮೂಡುವ ಊರು-ತಾರೀಖುಗಳ ಅಕ್ಷರ, ಗುಂಡಿಯೊತ್ತಿದರೆ ಎಲ್ಲವನ್ನೂ ಹೇಳುವ ಕಂಪ್ಯೂಟರ್ ಪರದೆ, ಕೊನೆಯಲ್ಲಿ ದೇಶಭಕ್ತಿಯ ಭಾಷಣ.

ನಂಬಿಸುವ ಕಸುಬು

ಗೂಢಚಾರನ ನಿಜವಾದ ಆಯುಧ ಪರರ ವಿಶ್ವಾಸ. ಮೇಘನಾ ಗುಲ್ಜಾರ್ ಅವರ ‘ರಾಝಿ’ (2018) ಜನಮನ ಗೆದ್ದದ್ದು ಇದನ್ನು ಮುಚ್ಚಿಡದ ಕಾರಣಕ್ಕೆ. 1971ರ ಯುದ್ಧದ ಹೊತ್ತಿಗೆ ಪಾಕಿಸ್ತಾನದ ಸೈನಿಕ ಕುಟುಂಬಕ್ಕೆ ಸೊಸೆಯಾಗಿ ಹೋಗುವ ಹುಡುಗಿಗೆ ಆ ಮನೆಯವರು ಪ್ರೀತಿಯನ್ನೇ ಕೊಡುತ್ತಾರೆ. ಅವರು ಕೆಟ್ಟವರಾಗಿದ್ದರೆ ಆ ಚಿತ್ರ ಅರ್ಧದಷ್ಟೂ ಕಾಡುತ್ತಿರಲಿಲ್ಲ.

ಈ ದೃಷ್ಟಿಯಿಂದ ಬೀಳಗಿ ಸೀಮೆಯ ಒಂದು ನೈಜ ಪ್ರಕರಣ ಚಿತ್ರಕಥೆಗಾರರ ಗಮನಕ್ಕೆ ಅರ್ಹವಾಗಿದೆ. ಜತ್ತ ಸಂಸ್ಥಾನದ ಸಿಂಧೂರ ಗ್ರಾಮದ ಲಕ್ಷ್ಮಣನು ಬ್ರಿಟಿಷ್ ಆಡಳಿತಕ್ಕೆ ಎದುರಾಗಿ ಖಜಾನೆಗಳನ್ನು ದೋಚಿದವನು. 1922ರಲ್ಲಿ ಬೀಳಗಿಯ ಬಳಿ ಪೊಲೀಸರ ಗುಂಡಿಗೆ ಬಲಿಯಾದನು. ನಂಬಿದ ವ್ಯಕ್ತಿಯೇ ಊಟಕ್ಕೆ ಕರೆದು ಅವನನ್ನು ಹಿಡಿದುಕೊಟ್ಟನೆಂದು ಲಾವಣಿ, ನಾಟಕಗಳ ಕಥನ ಹೇಳುತ್ತದೆ. ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಈ ಕಥೆ ಅಪಾರ ಜನಪ್ರಿಯ. ಹುಣಸೂರು ಕೃಷ್ಣಮೂರ್ತಿ 1977ರಲ್ಲಿ ಇದನ್ನು ‘ವೀರ ಸಿಂಧೂರ ಲಕ್ಷ್ಮಣ’ ಎಂದು ತೆರೆಗೆ ತಂದರು. ಈ ಎಲ್ಲ ರೂಪಗಳಲ್ಲಿಯೂ ಕಥೆ ವೀರನದು. ದ್ರೋಹಿ ಕೊನೆಯಲ್ಲಿ ಬರುತ್ತಾನೆ, ಶಾಪ ಪಡೆಯುತ್ತಾನೆ, ಹೋಗುತ್ತಾನೆ.

ವಾಸ್ತವ ಶೈಲಿಯ ಚಿತ್ರವಾದರೆ ಇಲ್ಲಿಂದಲೇ ಆರಂಭಿಸೀತು. ಅಂದಿನ ಭೂಪಟವೇ ಅದಕ್ಕೆ ನೆರವಾಗುತ್ತದೆ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಪಕ್ಕದ ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. ಕೆಲವು ಹರದಾರಿ ನಡೆದರೆ ಆಳುವವರು ಬದಲು, ಪೊಲೀಸರು ಬದಲು. ಇಂತಹ ಕಡೆ ಬೆನ್ನಟ್ಟುವವನಿಗೆ ಕುದುರೆಗಿಂತ ಬಾತ್ಮಿಯೇ ಮುಖ್ಯ. (ಈ ಭಾಗದ ಹಳೆಯ ಪತ್ರಿಕೆಗಳು ವರದಿಗಾರನನ್ನು ‘ಬಾತ್ಮೀದಾರ’ ಎನ್ನುತ್ತಿದ್ದವು, ಪೊಲೀಸರಿಗೆ ಸುಳಿವು ಕೊಡುವವನಿಗೂ ಅದೇ ಹೆಸರು. ನಮ್ಮ ವೃತ್ತಿಯವರು ಇದನ್ನು ನಕ್ಕು ಸಹಿಸಿಕೊಳ್ಳಬೇಕಷ್ಟೆ.) ಬಾತ್ಮಿ ಕೊಟ್ಟವನಿಗೆ ಆಮಿಷ ಒಡ್ಡಿದ್ದರೇ, ಬೆದರಿಕೆ ಹಾಕಿದ್ದರೇ, ಮನೆಯವರಿಗೆ ಅವನು ಏನು ಹೇಳಿದ್ದನು? ನಾಟಕಕ್ಕೆ ಈ ಪ್ರಶ್ನೆಗಳು ಬೇಕಿರಲಿಲ್ಲ, ಚಿತ್ರಕ್ಕೆ ಬೇಕು.

ಊಟದ ಆ ದೃಶ್ಯವನ್ನು ಬಡಿಸುವವನ ಬೆನ್ನ ಹಿಂದಿನಿಂದ ತೋರಿಸಿದರೆ ಸಂಗೀತವೂ ಬೇಡ, ಸಂಭಾಷಣೆಯೂ ಬೇಡ. ರೊಟ್ಟಿ ಮುರಿಯುವ ಸದ್ದು, ದೂರದ ಪೊದೆಯಲ್ಲಿ ಒಂದು ಅಲುಗಾಟ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವ ದನಿ ಸಾಕು.