ಈಡಿನ ಗಣಿತವೂ ಘಟ್ಟದ ಮೇಲಣ ಅಗ್ನಿಬಾಣಗಳೂ

ಈಗಿನ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಬಹುಭಾಗವು ಹದಿನೆಂಟನೆಯ ಶತಮಾನದ ನಡುಗಾಲದವರೆಗೆ ಸೋದೆ ಮತ್ತು ಬಿಳಗಿಯ ಅರಸರ ಆಳಿಕೆಯಲ್ಲಿದ್ದಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟನು. ಸೋದೆಯೂ ಬೇಗನೆ ಆತನ ವಶವಾಯಿತು. ಆ ನಗರದ ಹಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಕಬ್ಬಿಣದ ಕೊಳವೆಯ ಅಗ್ನಿಬಾಣಗಳು ಸಾವಿರಕ್ಕೂ ಮಿಕ್ಕು ದೊರೆತುವು. ಇವನ್ನು ಗುರಿತಪ್ಪದ ಅಸ್ತ್ರಗಳೆಂದು ಕೊಂಡಾಡುವವರುಂಟು. ಬರಿಯ ಬಿರುಸುಗಳೆಂದು ಹಳಿಯುವವರೂ ಉಂಟು. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಬೇಕಾದರೆ ಈಡಿನ ಗಣಿತದ ಚರಿತ್ರೆಯನ್ನು ನೋಡಬೇಕು.

ಎಸೆದ ವಸ್ತುವಿನ ದಾರಿ ಪರವಲಯವೆಂದು ಗೆಲಿಲಿಯೋ ೧೬೩೮ರಲ್ಲಿ ತಿಳಿಸಿದನು. ಇದು ಗಾಳಿಯಿಲ್ಲದೆಡೆಗೆ ಸಲ್ಲುವ ಮಾತು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಓಲಾಡಿದ ಅಳತೆಯಿಂದ ಗುಂಡಿನ ವೇಗವನ್ನು ಕಂಡುಹಿಡಿದನು. ವೇಗದ ಗುಂಡಿಗೆ ಗಾಳಿಯೊಡ್ಡುವ ತಡೆಯು ಅದರ ತೂಕದ ನೂರು ಮಡಿಯನ್ನೂ ಮೀರಬಹುದೆಂಬುದು ಆತನ ಗ್ರಂಥದಿಂದ (೧೭೪೨) ಸಿದ್ಧವಾಯಿತು. ಆಯ್ಲರನು ೧೭೪೫ರಲ್ಲಿ ಅದನ್ನು ಟೀಕೆಸಹಿತ ಜರ್ಮನ್ ಭಾಷೆಗೆ ತಂದನು. ರಾಬಿನ್ಸನು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದು, ೧೭೫೧ರಲ್ಲಿ ಚೋಳಮಂಡಲ ತೀರದ ಸೇಂಟ್ ಡೇವಿಡ್ ಕೋಟೆಯಲ್ಲಿಯೇ ತೀರಿಕೊಂಡನು.

ಇಂದಿನ ಗಣಕತಂತ್ರಾಂಶಗಳು ರೈಫಲ್ ಗುಂಡಿನ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಎಣಿಸುವುದು ಈ ಪರಂಪರೆಯಿಂದಲೇ. ಆದರೆ ಎಣಿಕೆಯ ನಿಖರತೆಯು ಅದಕ್ಕೆ ಒದಗಿಸಿದ ಅಳತೆಗಳ ನಿಖರತೆಯನ್ನು ಮೀರಲಾರದು. ಸುಮಾರು ೫೯೦ ಮೀಟರು ಎತ್ತರದ ಸಿರ್ಸಿಯಲ್ಲಿ ಗಾಳಿಯ ಸಾಂದ್ರತೆಯು ಕುಮಟೆಯ ಕಡಲತಡಿಗಿಂತ ನೂರಕ್ಕೆ ಐದರಷ್ಟು ಕಡಮೆ. ಒಂದೇ ಕೋವಿಯ ಒಂದೇ ಗುಂಡು ದೂರದ ಗುರಿಯಲ್ಲಿ ಎರಡೆಡೆಯೂ ಒಂದೇ ಎತ್ತರಕ್ಕೆ ತಾಗದು. ತೇವದ ಗಾಳಿ ಭಾರವೆಂಬ ನಂಬಿಕೆಯೂ ತಪ್ಪು. ನೀರಾವಿ ಬೆರೆತ ಗಾಳಿ ಒಣಗಾಳಿಗಿಂತ ಹಗುರ. ಇದಕ್ಕೆ ಬೀಸುಗಾಳಿಯ ವಿಷಯವನ್ನೂ, ಕೋವಿಯ ಬಾಯಿಂದ ಹೊರಡುವ ವೇಗದಲ್ಲಿ ತೋಟೆಯಿಂದ ತೋಟೆಗೆ ಇರುವ ವ್ಯತ್ಯಾಸವನ್ನೂ ಸೇರಿಸಿಕೊಳ್ಳಬೇಕು.

ಅಗ್ನಿಬಾಣದ ಸ್ಥಿತಿ ಇದಕ್ಕಿಂತ ಕಠಿನ. ಮದ್ದು ಉರಿದಂತೆಲ್ಲ ಅದರ ತೂಕವು ಕುಗ್ಗುವುದು, ತೂಕದ ಕೇಂದ್ರವು ಸರಿಯುವುದು. ಕಟ್ಟಿದ ಬಿದಿರೂ ಒಂದರಂತೆ ಇನ್ನೊಂದಿರದು. ಆದುದರಿಂದಲೇ ಮೈಸೂರಿನ ಬಾಣಗಾರರು ಒಂದೊಂದನ್ನೇ ನೆಚ್ಚದೆ ಗುಂಪುಗುಂಪಾಗಿ ಬಿಡುತ್ತಿದ್ದರು. ಇವುಗಳಿಂದ ಪ್ರೇರಿತನಾದ ಕಾಂಗ್ರೀವನ ಬಾಣಗಳಿಗೂ ಈ ಕೊರತೆ ತಪ್ಪಲಿಲ್ಲ. ರೈಫಲ್ ಗುಂಡು ತಿರುಗುತ್ತ ಸಾಗುವುದರಿಂದ ಗುರಿ ಕೆಡದೆಂದು ರಾಬಿನ್ಸನು ೧೭೪೭ರಲ್ಲಿಯೇ ವಿವರಿಸಿದ್ದನು; ಬಾಣವನ್ನು ಹಾಗೆ ತಿರುಗಿಸುವ ಉಪಾಯವನ್ನು ಹೇಲನು ೧೮೪೪ರಲ್ಲಿ ಬಳಕೆಗೆ ತಂದನು.

ಹೀಗಿರುವಲ್ಲಿ ನಗರದ ಬಾಣಗಳಿಗೆ ರೈಫಲಿನ ಗುರಿಯನ್ನು ಆರೋಪಿಸುವುದು ಚರಿತ್ರೆಯಲ್ಲ. ಆ ಗುರಿಯಿಲ್ಲವೆಂದು ತಳ್ಳಿಹಾಕುವುದೂ ವಿಮರ್ಶೆಯಲ್ಲ. ಒಂದರ ಅನಿಶ್ಚಯವನ್ನು ಹಲವರ ಸಂಖ್ಯೆಯಿಂದ ತುಂಬಿಕೊಂಡ ಆ ಯುದ್ಧಕ್ರಮವೇ ಅವುಗಳಿಗೆ ತಕ್ಕ ಅಳತೆಗೋಲು.